ಹಳೆಯ ಪ್ಯೂಜೋ ರೇಸಿಂಗ್ ಸೈಕಲ್‌ಗೆ ಎಷ್ಟು ಕೊಡುವುದು ನ್ಯಾಯ?

ಪ್ರಶ್ನೆ: ಲಂಡನ್ನಿನಲ್ಲಿರುವ ನನಗೆ ಫ್ರಾನ್ಸಿನ ಪ್ಯೂಜೋ ಕಂಪನಿಯ, 1970ರ ದಶಕದ ಪಿಎಕ್ಸ್-10 ರೇಸಿಂಗ್ ಸೈಕಲ್ ಒಂದು ಸಿಕ್ಕಿದ್ದು, ಮಾಲೀಕರು 450 ಪೌಂಡ್ ಕೇಳುತ್ತಿದ್ದಾರೆ. ಬಣ್ಣ ಮಾಸಿದೆ. ಪ್ರದರ್ಶನಕ್ಕಲ್ಲದೆ ಓಡಿಸುವುದಕ್ಕಾಗಿಯೇ ಕೊಳ್ಳುವವರು ಇದಕ್ಕೆ ಹೇಗೆ ಬೆಲೆ ಕಟ್ಟಬೇಕು?

ಉತ್ತರ 1: ಮಾಸಿದ ಬಣ್ಣ ದೊಡ್ಡ ದೋಷವಲ್ಲ, ರೆನಾಲ್ಡ್ಸ್ 531 ಉಕ್ಕಿನ ಆ ಫ್ರೇಮ್ ನೆಟ್ಟಗಿದೆಯೇ ಎಂಬುದೇ ಮುಖ್ಯ. ಫ್ರೇಮಿನ ಕೊಳವೆಗಳು ಹ್ಯಾಂಡಲ್ ಕೆಳಗಿನ ಮುಂಭಾಗದ ಕೊಳವೆಯನ್ನು ಕೂಡುವ ಜಾಗದ ಕೆಳಗೆ ಬೆರಳಾಡಿಸಿದಾಗ ಉಬ್ಬು ಅಥವಾ ಸುಕ್ಕು ತಗುಲಿದರೆ, ಸೈಕಲ್ ಎಂದೋ ಎದುರಿಗೆ ಡಿಕ್ಕಿ ಹೊಡೆದಿದೆ ಎಂದರ್ಥ. ಆಗ ಬಿಡಿಭಾಗಗಳ ಬೆಲೆಯನ್ನಷ್ಟೇ ಕೊಡಿ. ಸೀಟಿನ ಕಂಬ ಮತ್ತು ಹ್ಯಾಂಡಲ್ ಕಂಬ ಮೇಲೆ ಕೆಳಗೆ ಸರಿಯುತ್ತವೆಯೇ ಎಂಬುದನ್ನು ನಿಮ್ಮೆದುರೇ ತೋರಿಸಲು ಹೇಳಿ, ಏಕೆಂದರೆ ಒಳಗೇ ಕಚ್ಚಿಕೊಂಡ ಅಲ್ಯೂಮಿನಿಯಂ ಕಂಬವನ್ನು ಬಿಡಿಸುವಾಗ ಫ್ರೇಮೇ ಹಾಳಾಗಬಹುದು.

ಉತ್ತರ 2: ಫ್ರೆಂಚ್ ಅಳತೆಗಳನ್ನು ಮರೆಯಬೇಡಿ. ಪೆಡಲ್ ಅಚ್ಚು ಕೂರುವ ಗೂಡಿನ ತಿರುಪು (ಥ್ರೆಡ್) 35 ಮಿ.ಮೀ. ವ್ಯಾಸದ್ದಾಗಿರುವುದರಿಂದ ಬ್ರಿಟಿಷ್ ಅಳತೆಯ ಬಿಡಿಭಾಗ ಅಲ್ಲಿ ಕೂರುವುದಿಲ್ಲ. ಆದ್ದರಿಂದ ಮೂಲದ ಸ್ಟ್ರಾಂಗ್‌ಲೈಟ್ ಕ್ರ್ಯಾಂಕ್ (ಪೆಡಲ್ ತೋಳು), ಮಫಾಕ್ ಬ್ರೇಕುಗಳು ಸುಸ್ಥಿತಿಯಲ್ಲಿದ್ದರೆ ಬೆಲೆ ಹೆಚ್ಚುವುದು ಸಹಜ. ಸಿಂಪ್ಲೆಕ್ಸ್ ಗೇರಿನ ಪ್ಲಾಸ್ಟಿಕ್ ಭಾಗ ಬಿರುಕು ಬಿಟ್ಟಿದ್ದರೆ ಅಷ್ಟನ್ನು ಕಳೆಯಿರಿ.

ಉತ್ತರ 3: ಜಾಹೀರಾತಿನ ಬೆಲೆಗಳನ್ನು ನಂಬದೆ, ಇದೇ ಮಾದರಿ ನಿಜವಾಗಿ ಮಾರಾಟವಾದ ಬೆಲೆಗಳನ್ನು ಹುಡುಕಿ, ಅದರಿಂದ ಟೈರು, ಚೈನು, ಕೇಬಲ್ಲುಗಳ ಖರ್ಚನ್ನು ಕಳೆಯಿರಿ. ಇದು ರಿಮ್ಮಿಗೆ ಅಂಟಿಸುವ ಟ್ಯೂಬುಲರ್ ಟೈರುಗಳೊಡನೆ ಬರುತ್ತಿದ್ದ ಸೈಕಲ್. ಸಾಮಾನ್ಯ ಟೈರು ಆ ರಿಮ್ಮಿಗೆ ಕೂರದ ಕಾರಣ ದಿನನಿತ್ಯ ಓಡಿಸುವವರು ಚಕ್ರಗಳನ್ನೇ ಬದಲಿಸಬೇಕಾಗಬಹುದು. ಎಲ್ಲಕ್ಕಿಂತ ಮೊದಲು ಅಳತೆ ನಿಮಗೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಅರ್ಧ ಬೆಲೆಗೂ ಕೊಳ್ಳಬೇಡಿ.