ದೇವತೆಯ ಮೋಸದಿಂದ ಗೆದ್ದ ಅಕಿಲೀಸನನ್ನು ವೀರನೆನ್ನಬಹುದೇ?

ಪ್ರಶ್ನೆ – ವಾಚನಾಸಕ್ತ, ಮಂಡ್ಯ

ಮಾನ್ಯರೇ, ಮಂಡ್ಯದಲ್ಲಿ ನಾವು ಕೆಲವರು ಭಾನುವಾರಗಳಂದು ಸೇರಿ ಕಾವ್ಯವಾಚನ ನಡೆಸುತ್ತೇವೆ. ಕುಮಾರವ್ಯಾಸನ ಕರ್ಣಪರ್ವ ಮುಗಿದ ಮೇಲೆ, ಬೇರೆ ನಾಡಿನ ಯುದ್ಧಕಾವ್ಯವೊಂದನ್ನೂ ನೋಡೋಣವೆಂದು ಹೋಮರನ ಇಲಿಯಡ್‌ನ ಆಯ್ದ ಭಾಗಗಳನ್ನು ಗದ್ಯದಲ್ಲಿ ಓದುತ್ತಿದ್ದೇವೆ. 22ನೆಯ ಸರ್ಗಕ್ಕೆ ಬಂದಾಗ ವಾಚನ ನಿಂತು ವಾಗ್ವಾದ ಶುರುವಾಯಿತು.

ಗ್ರೀಕ್ ವೀರ ಅಕಿಲೀಸನಿಗೆ ಹೆದರಿ ಟ್ರಾಯ್ ಕೋಟೆಯನ್ನು ಮೂರು ಸುತ್ತು ಓಡಿದ ಟ್ರಾಯ್ ರಾಜಕುಮಾರ ಹೆಕ್ಟರನ ಎದುರಿಗೆ ಅಥೀನಾ ದೇವಿ ಅವನ ತಮ್ಮ ಡೀಫೋಬಸನ ರೂಪದಲ್ಲಿ ನಿಂತು, ಇಬ್ಬರೂ ಸೇರಿ ಕಾದೋಣವೆಂದು ನಂಬಿಸುತ್ತಾಳೆ. ಅಕಿಲೀಸನು ಮೊದಲು ಎಸೆದ ಈಟಿ ಗುರಿ ತಪ್ಪಿ ನೆಲದಲ್ಲಿ ನಾಟಿಕೊಂಡಾಗ, ಹೆಕ್ಟರನ ಕಣ್ಣಿಗೆ ಬೀಳದಂತೆ ಅದನ್ನು ಕಿತ್ತು ಅಕಿಲೀಸನ ಕೈಗೇ ಮರಳಿಸುತ್ತಾಳೆ. ಹೆಕ್ಟರನ ಈಟಿಯಾದರೋ ಅಕಿಲೀಸನ ಗುರಾಣಿಗೆ ಬಡಿದು ದೂರ ಸಿಡಿಯುತ್ತದೆ. ಇನ್ನೊಂದು ಈಟಿ ಕೊಡೆಂದು ತಮ್ಮನನ್ನು ಕೂಗಿದರೆ ಅಲ್ಲಿ ತಮ್ಮನೂ ಇಲ್ಲ, ಯಾರೂ ಇಲ್ಲ. ಹೀಗೆ ಒಬ್ಬನಿಗೆ ಎರಡು ಅವಕಾಶ, ಮತ್ತೊಬ್ಬನಿಗೆ ಒಂದೇ ಎಂದಾದ ಮೇಲೆ ಅಕಿಲೀಸನ ಪರಾಕ್ರಮಕ್ಕೆ ಬೆಲೆ ಎಲ್ಲಿಂದ ಬಂತು? ದೇವತೆಗಳೇ ಎಲ್ಲವನ್ನೂ ಮಾಡುವುದಾದರೆ ಕವಿ ಮನುಷ್ಯರನ್ನು ಹೊಗಳುವುದೇಕೆ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 – ಹಳೆಯ ಮೇಷ್ಟ್ರು, ಸರಸ್ವತಿಪುರಂ, ಮೈಸೂರು

ತಾವು 22ನೆಯ ಸರ್ಗವನ್ನು ಬಿಡಿಯಾಗಿ ಓದಿದ್ದರಿಂದ ಹೆಕ್ಟರನಿಗೆ ಮಾತ್ರ ಅನ್ಯಾಯವಾದಂತೆ ಕಂಡಿದೆ. 16ನೆಯ ಸರ್ಗಕ್ಕೆ ಹಿಂದಿರುಗಿದರೆ ಇದೇ ಲೆಕ್ಕ ತಿರುಗುಮುರುಗಾಗಿ ಕಾಣುತ್ತದೆ. ಅಲ್ಲಿ ಅಕಿಲೀಸನ ಕವಚ ತೊಟ್ಟು ಬಂದ ಅವನ ಆಪ್ತಗೆಳೆಯ ಪಾಟ್ರೊಕ್ಲಸನ ಬೆನ್ನ ಹಿಂದೆ ಅಪೊಲೊ ದೇವನು ಮಂಜಿನಲ್ಲಿ ಮರೆಯಾಗಿ ಬಂದು ಅಂಗೈಯಿಂದ ಒಂದು ಏಟು ಕೊಡುತ್ತಾನೆ. ಶಿರಸ್ತ್ರಾಣ ಉರುಳಿ ಕುದುರೆಗಳ ಕಾಲಡಿ ಬೀಳುತ್ತದೆ, ಈಟಿ ಕೈಯಲ್ಲೇ ಮುರಿಯುತ್ತದೆ, ಗುರಾಣಿ ಕಳಚುತ್ತದೆ, ಕವಚ ಸಡಿಲವಾಗುತ್ತದೆ. ಹಾಗೆ ದಿಗ್ಭ್ರಮೆಗೊಂಡು ನಿಂತವನಿಗೆ ಯೂಫೋರ್ಬಸ್ ಎಂಬವನು ಹಿಂದಿನಿಂದ ತಿವಿಯುತ್ತಾನೆ. ಅದಾದ ಮೇಲಷ್ಟೇ ಹೆಕ್ಟರ್ ಬಂದು ಕೊನೆಯ ಪೆಟ್ಟು ಹಾಕಿ, ತಾನೊಬ್ಬನೇ ಕೊಂದವನಂತೆ ಬೀಗುತ್ತಾನೆ. ತನ್ನನ್ನು ಕೊಂದವರಲ್ಲಿ ನೀನು ಮೂರನೆಯವನು ಎಂದು ಪಾಟ್ರೊಕ್ಲಸ್ ಸಾಯುತ್ತಲೇ ಅವನ ಮುಖಕ್ಕೆ ಹೇಳುತ್ತಾನೆ.

ಅಂದರೆ ಹೆಕ್ಟರನ ಬಲುದೊಡ್ಡ ಗೆಲುವೂ ದೇವರ ಕೈಯಿಂದಲೇ ಬಂದದ್ದು. 22ರಲ್ಲಿ ಅವನು ಮೈಮೇಲೆ ತೊಟ್ಟಿರುವುದು ಅಂದು ಸುಲಿದುಕೊಂಡ ಕವಚವನ್ನೇ. ಅದರ ಸಂದಿ ಕಂಠದ ಬಳಿ ಎಲ್ಲಿದೆಯೆಂದು ಹುಡುಕಿ ಅಕಿಲೀಸ್ ಅಲ್ಲಿಗೇ ಈಟಿ ಹೂಡುತ್ತಾನೆ. ಕವಿ ಎರಡು ಸಾವುಗಳನ್ನು ಬೇಕೆಂದೇ ಎದುರುಬದುರಾಗಿ ನಿಲ್ಲಿಸಿದ್ದಾನೆಂಬುದು ನನ್ನ ಅಭಿಪ್ರಾಯ. ಇನ್ನೊಂದು ಮಾತು: ದೇವತೆಗಳು ಹೇಡಿಯನ್ನು ಶೂರನನ್ನಾಗಿ ಮಾಡುವುದು ಇಲಿಯಡ್‌ನಲ್ಲಿ ಕಾಣಸಿಗದು. ಅಥೀನಾ ಬೆನ್ನಿಗೆ ನಿಲ್ಲುವ ಅಕಿಲೀಸ್, ಡಯೊಮಿಡೀಸ್ ಮೊದಲಾದ ಗ್ರೀಕ್ ವೀರರು ಮೊದಲೇ ಸಮರ್ಥರು. ದೇವತೆ ಪಕ್ಕದಲ್ಲಿ ನಿಂತಳೆಂಬುದು ಆ ಕಾಲದ ಕೇಳುಗರಿಗೆ ವೀರನ ಹಿರಿಮೆಗೆ ಸಾಕ್ಷಿಯಾಗಿತ್ತೇ ಹೊರತು ಕುಂದಾಗಿರಲಿಲ್ಲ.

ಉತ್ತರ 2 – ಗಮಕಪ್ರಿಯೆ, ಶ್ರೀರಂಗಪಟ್ಟಣ

ಮೇಷ್ಟ್ರ ಮಾತನ್ನು ಗೌರವದಿಂದಲೇ ಅರ್ಧ ಮಾತ್ರ ಒಪ್ಪುತ್ತೇನೆ. ಎರಡೂ ಕಡೆ ಮೋಸ ನಡೆದರೆ ಲೆಕ್ಕ ಸರಿಹೋಗಬಹುದು, ಮನಸ್ಸಿಗೆ ಸಮಾಧಾನವಾಗುವುದಿಲ್ಲ. ಕರ್ಣಪರ್ವವನ್ನು ಓದಿ ಬಂದವರಿಗೆ ಈ ಕಸಿವಿಸಿ ಹೊಸದೂ ಅಲ್ಲ. ಸರ್ಪಾಸ್ತ್ರ ಬಂದಾಗ ಕೃಷ್ಣನು ರಥವನ್ನೇ ನೆಲಕ್ಕೆ ಒತ್ತಿದ್ದರಿಂದ ಅರ್ಜುನನ ಕಿರೀಟ ಹೋಗಿ ತಲೆ ಉಳಿಯಿತು. ಕವಚಕುಂಡಲಗಳನ್ನು ಇಂದ್ರನು ಅದಕ್ಕೂ ಮೊದಲೇ ಬೇಡಿ ಒಯ್ದಿದ್ದ. ಕರ್ಣನನ್ನು ಕೊಂದದ್ದು ಅರ್ಜುನನೊಬ್ಬನೇ ಅಲ್ಲವೆಂದು ನಮ್ಮ ಊರುಗಳ ಜಗಲಿಗಳಲ್ಲಿ ಇಂದಿಗೂ ವಾದ ನಡೆಯುತ್ತದೆ.

ಆದರೆ ಕೃಷ್ಣನ ಕಪಟಕ್ಕೆ ಭೂಭಾರಹರಣವೆಂಬ ಕಾರಣವನ್ನಾದರೂ ನಾವು ಹೇಳಿಕೊಳ್ಳುತ್ತೇವೆ. ಹೋಮರನ ದೇವತೆಗಳಿಗೆ ಅಂಥ ನೆಪವೂ ಬೇಕಿಲ್ಲ. 4ನೆಯ ಸರ್ಗದಲ್ಲಿ ದೇವರಾಜ ಝ್ಯೂಸ್ ತನ್ನ ಹೆಂಡತಿ ಹೀರಾಳನ್ನು, ಟ್ರಾಯ್ ಅರಸನೂ ಹೆಕ್ಟರನ ತಂದೆಯೂ ಆದ ಪ್ರಯಾಮನನ್ನೂ ಅವನ ಮಕ್ಕಳನ್ನೂ ಹಸಿಹಸಿಯಾಗಿ ತಿಂದರಷ್ಟೇ ನಿನ್ನ ಸಿಟ್ಟು ತಣಿದೀತೇನೋ ಎಂದು ಮೂದಲಿಸುತ್ತಾನೆ. ಅದಕ್ಕೆ ಅವಳು ತೆರುವ ಬೆಲೆಯನ್ನು ನೋಡಿ: ತನಗೆ ಅತ್ಯಂತ ಪ್ರಿಯವಾದ ಆರ್ಗಾಸ್, ಸ್ಪಾರ್ಟಾ, ಮೈಸೀನಿ ಈ ಮೂರು ಊರುಗಳನ್ನು ನೀನು ಮುಂದೆ ಯಾವಾಗ ಬೇಕಾದರೂ ನಾಶಮಾಡು, ಟ್ರಾಯನ್ನು ಈಗ ನನಗೆ ಬಿಡು, ಎನ್ನುತ್ತಾಳೆ. ತನ್ನನ್ನು ಪೂಜಿಸುವ ಜನರನ್ನೇ ಎತ್ತಿ ಕೊಡುವ ದೇವತೆಯ ಮುಂದೆ ಸಾಯಲಿರುವ ಹೆಕ್ಟರನೇ ನನಗೆ ದೊಡ್ಡವನಾಗಿ ಕಾಣುತ್ತಾನೆ. ಮೋಸ ಗೊತ್ತಾದ ಕ್ಷಣದಲ್ಲಿ ಅವನು ದೇವರನ್ನು ಶಪಿಸುತ್ತ ನಿಲ್ಲುವುದಿಲ್ಲ. ಮುಂದಿನವರು ಕೇಳುವಂಥದ್ದೇನಾದರೂ ಮಾಡಿಯೇ ಸಾಯುತ್ತೇನೆಂದು ಕತ್ತಿ ಹಿರಿದು ನುಗ್ಗುತ್ತಾನೆ.

ಉತ್ತರ 3 – ಪಾಂಡವಪುರದ ಓದುಗ

ಗಮಕಪ್ರಿಯೆ ಮೇಡಂ ಹೇಳಿದ್ದನ್ನೇ ಮುಂದುವರಿಸುತ್ತೇನೆ. ಹೋಮರನಲ್ಲಿ ದೇವತೆಗಳು ವೀರರಾಗಲು ಸಾಧ್ಯವೇ ಇಲ್ಲ, ಏಕೆಂದರೆ ಅವರಿಗೆ ಕಳೆದುಕೊಳ್ಳಲು ಏನೂ ಇಲ್ಲ. 5ನೆಯ ಸರ್ಗದಲ್ಲಿ ಡಯೊಮಿಡೀಸ್ ಯುದ್ಧದೇವತೆಯಾದ ಏರೀಸನ ಕಿಬ್ಬೊಟ್ಟೆಗೇ ತಿವಿಯುತ್ತಾನೆ. ಒಂಬತ್ತು ಹತ್ತು ಸಾವಿರ ಜನ ಒಟ್ಟಿಗೆ ಕೂಗಿದಂತೆ ಅರಚಿಕೊಂಡ ಆ ದೇವರು ನೇರವಾಗಿ ದೇವತೆಗಳ ನೆಲೆಯಾದ ಒಲಿಂಪಸ್‌ಗೆ ಹೋಗಿ ಅಪ್ಪ ಝ್ಯೂಸನ ಹತ್ತಿರ ದೂರು ಹೇಳುತ್ತಾನೆ, ಬೈಸಿಕೊಳ್ಳುತ್ತಾನೆ, ದೇವವೈದ್ಯನಿಂದ ಔಷಧಿ ಹಾಕಿಸಿಕೊಳ್ಳುತ್ತಾನೆ. ಅತ್ತಿಹಣ್ಣಿನ ಜಾತಿಯ ಅಂಜೂರದ ಹಾಲು ಬೆರೆತೊಡನೆ ಹಸುವಿನ ಹಾಲು ಹೆಪ್ಪುಗಟ್ಟುವಷ್ಟು ಬೇಗ ಗಾಯ ಮಾಯಿತೆಂದು ಕವಿಯೇ ಹೋಲಿಸುತ್ತಾನೆ. ಬಳಿಕ ಸ್ನಾನ ಮಾಡಿ, ಒಳ್ಳೆಯ ಬಟ್ಟೆ ಉಟ್ಟು, ಝ್ಯೂಸನ ಪಕ್ಕದಲ್ಲಿ ಠೀವಿಯಿಂದ ಕೂರುತ್ತಾನೆ! ಅದೇ ಸರ್ಗದಲ್ಲಿ ಮನುಷ್ಯರು ಹುಳುಗಳಂತೆ ಸಾಯುತ್ತಿದ್ದಾರೆ.

ಇದರ ಮಗ್ಗುಲಲ್ಲಿ 12ನೆಯ ಸರ್ಗದ ಸಾರ್ಪಿಡಾನನ ಮಾತನ್ನು ಇಟ್ಟು ನೋಡಬೇಕು. ಟ್ರಾಯ್ ಪರವಾಗಿ ಕಾದುವ ಲಿಸಿಯಾದ ಈ ಅರಸ ಝ್ಯೂಸನ ಸ್ವಂತ ಮಗ. ಈ ಯುದ್ಧದಿಂದ ಪಾರಾದರೆ ಮುಪ್ಪುಸಾವುಗಳಿಲ್ಲದೆ ಬಾಳುವ ಹಾಗಿದ್ದಿದ್ದರೆ ನಾನೂ ಮುಂದೆ ನಿಂತು ಕಾದುತ್ತಿರಲಿಲ್ಲ, ನಿನ್ನನ್ನೂ ಕಳಿಸುತ್ತಿರಲಿಲ್ಲ, ಹೇಗೂ ಸಾವು ಸಾವಿರ ರೂಪದಲ್ಲಿ ಸುತ್ತುವರಿದಿರುವುದರಿಂದ ನಡೆ ಮುಂದಕ್ಕೆ, ಎಂದು ಗೆಳೆಯ ಗ್ಲಾಕಸನಿಗೆ ಹೇಳುತ್ತಾನೆ. ವಾಚನಾಸಕ್ತರ ಪ್ರಶ್ನೆಗೆ ಕವಿ ಇಟ್ಟಿರುವ ಉತ್ತರ ಇದೇ ಎಂದು ನಾನು ತಿಳಿದಿದ್ದೇನೆ. 16ರಲ್ಲಿ ಇದೇ ಮಗನ ಸಾವು ಹತ್ತಿರ ಬಂದಾಗ ಉಳಿಸಿಬಿಡಲೇ ಎಂದು ಝ್ಯೂಸ್ ತೂಗಾಡುತ್ತಾನೆ. ಹಾಗೆ ಮಾಡಿದರೆ ಉಳಿದ ದೇವತೆಗಳೂ ತಮ್ಮ ತಮ್ಮ ಮಕ್ಕಳನ್ನು ಉಳಿಸಿಕೊಳ್ಳಲು ಹೊರಡುತ್ತಾರೆಂದು ಹೀರಾ ಎಚ್ಚರಿಸಿದ ಮೇಲೆ ಸುಮ್ಮನಾಗಿ, ನೆಲದ ಮೇಲೆ ರಕ್ತದ ಹನಿಗಳ ಮಳೆ ಸುರಿಸುತ್ತಾನೆ. ದೇವರಾಜನಿಂದ ಆದದ್ದು ಅಷ್ಟೇ.

ವಾಚನಾಸಕ್ತ, ಮಂಡ್ಯ

ಮೂವರಿಗೂ ಧನ್ಯವಾದಗಳು. ಅಕಿಲೀಸನ ಬಗ್ಗೆ ನನ್ನ ತಕರಾರು ಪೂರ್ತಿ ಹೋಗಿಲ್ಲ. ಹೆಕ್ಟರನೂ ದೇವರ ನೆರವಿನಿಂದಲೇ ಗೆದ್ದವನೆಂಬುದು ಮಾತ್ರ ನಮ್ಮ ಸಭೆಯ ಹೆಕ್ಟರ್ ಪಕ್ಷದವರಿಗೆ ನುಂಗಲಾರದ ತುತ್ತಾಗಲಿದೆ. ಮುಂದಿನ ಭಾನುವಾರ 12 ಮತ್ತು 16ನೆಯ ಸರ್ಗಗಳನ್ನು ಎತ್ತಿಕೊಂಡು, ಪ್ರಯಾಮನು ಮಗನ ಶವಕ್ಕಾಗಿ ಅಕಿಲೀಸನ ಬಿಡಾರಕ್ಕೆ ಬರುವ 24ನ್ನು ಅದರ ನಂತರ ಓದಿಕೊಳ್ಳುತ್ತೇವೆ. ಶ್ರೀರಂಗಪಟ್ಟಣದ ಮೇಡಂ ಬರುವುದಾದರೆ ಸಾರ್ಪಿಡಾನನ ಭಾಗವನ್ನು ಅವರೇ ಓದಲಿ ಎಂಬುದು ನಮ್ಮೆಲ್ಲರ ಕೋರಿಕೆ.