ಅಪ್‌ಡೇಟ್: ಮಂಡಿನೋವಿನ ಅತ್ತಿಗೆ ಜೊತೆ ಲಕ್ಷದ್ವೀಪ

ಮಂಡಿನೋವಿರೋ ಅತ್ತಿಗೇನ ಹಡಗಲ್ಲಿ ಲಕ್ಷದ್ವೀಪಕ್ಕೆ ಕರ್ಕೊಂಡು ಹೋಗಬಹುದಾ ಅಂತ ಇಲ್ಲಿ ಕೇಳಿದ್ದೆ. ಹೋಗಿ ಬಂದ್ವಿ. ಬೆಂಗಳೂರಿಂದ ರಾತ್ರಿ ರೈಲಲ್ಲಿ ಎರ್ನಾಕುಲಂ, ಕೊಚ್ಚಿಯಿಂದ ಹಡಗು. ಪ್ರವೇಶ ಪರವಾನಗಿ ಇಲ್ದೆ ಬಿಡಲ್ಲ, ಅದನ್ನ ಮೊದಲೇ ಮಾಡಿಸಿ.

ನಡೆಯೋದು ದೊಡ್ಡ ವಿಷಯ ಅಲ್ಲ, ಇಳಿಯೋದೇ ಕಷ್ಟ. ದ್ವೀಪದ ಸುತ್ತ ಹವಳದ ದಿಬ್ಬ, ಒಳಗೆ ನೀರಿನ ಆಳ ಕಮ್ಮಿ. ಹಾಗಾಗಿ ಹಡಗು ಹೊರಗೇ ನಿಲ್ಲುತ್ತೆ, ನಾವು ಚಿಕ್ಕ ದೋಣಿಗೆ ಇಳೀಬೇಕು. ಅಲೆಗೆ ದೋಣಿ ಏಳುತ್ತೆ, ಬೀಳುತ್ತೆ. ದೋಣಿ ಮೇಲಕ್ಕೆ ಬಂದ ಆ ಒಂದು ಕ್ಷಣಕ್ಕೆ ಹಡಗಿನ ಹುಡುಗರು ಎರಡೂ ತೋಳು ಹಿಡಿದು ದಾಟಿಸ್ತಾರೆ. ಅತ್ತಿಗೆ ಮೊದಲ ಸಲ ರಾಮ ರಾಮ ಅಂದ್ರು, ಆಮೇಲೆ ನನಗೇ "ಬೇಗ ಕಾಲಿಡೇ" ಅನ್ನೋಕೆ ಶುರು ಮಾಡಿದ್ರು! ಮಂಡಿಗೆ ಪಟ್ಟಿ ಕಟ್ಕೊಂಡಿದ್ದು ಒಳ್ಳೇದಾಯ್ತು.

ಕವರತ್ತಿ, ಕಲ್ಪೇನಿ ಚೆನ್ನಾಗಿವೆ. ನನ್ನ ಮನಸ್ಸು ಹೋಗಿದ್ದು ಮಿನಿಕಾಯ್‌ಗೆ. ಬೇರೆ ದ್ವೀಪಗಳಲ್ಲಿ ಮಲಯಾಳಂ, ಇಲ್ಲಿ ಮಾತ್ರ ಮಾಲ್ಡೀವ್ಸ್ ಕಡೆಯ ಮಹಲ್ ಭಾಷೆ. 1885ರ ದೀಪಸ್ತಂಭ ನಾನು ಹತ್ತಿದೆ, ಅವರು ಕೆಳಗೆ ನೆರಳಲ್ಲಿ ಕೂತು ಯಾರದೋ ಮಗೂನ ಆಡಿಸ್ತಿದ್ರು. ಜೊತೆಗೇ ಇರ್ಬೇಕು ಅನ್ನೋ ಹಠ ಇಬ್ಬರಿಗೂ ಇರ್ಲಿಲ್ಲ, ಅದಕ್ಕೇ ಜಗಳ ಆಗ್ಲಿಲ್ಲ.

ಸಸ್ಯಾಹಾರಿಗಳು ಚಟ್ನಿಪುಡಿ ಇಟ್ಕೊಳ್ಳಿ. ವಾಂತಿ ಮಾತ್ರೆ ಹಡಗು ಹೊರಡೋಕೆ ಮುಂಚೆ ತಗೊಳ್ಳಿ, ತಲೆ ಸುತ್ತಿದ ಮೇಲೆ ತಗೊಂಡ್ರೆ ಅಷ್ಟು ಉಪಯೋಗ ಇಲ್ಲ. ಅತ್ತಿಗೆ ಈಗ ಅಂಡಮಾನ್ ಅಂತಿದ್ದಾರೆ.