ಲೈಟ್ನಿಂಗ್ ಚಾನೆಲ್ ತೆರೆದರೂ ಹಣ ಒಳಗೆ ಬರ್ತಿಲ್ಲ: ಬ್ಲಾಕ್ ದೊಡ್ಡದು ಮಾಡಿದ್ರೆ ಸಾಕಿತ್ತಲ್ವಾ?

ಪ್ರಶ್ನೆ: ಸಣ್ಣ ಸಣ್ಣ ಬಿಟ್‌ಕಾಯಿನ್ ಪಾವತಿ ತಗೊಳ್ಳೋಕೆ 5 ಲಕ್ಷ ಸತೋಶಿ (ಬಿಟ್‌ಕಾಯಿನ್‌ನ ಅತಿ ಚಿಕ್ಕ ಘಟಕ) ಹಾಕಿ ಲೈಟ್ನಿಂಗ್ ಚಾನೆಲ್ ತೆರೆದಿದ್ದೇನೆ. ಕಳಿಸೋಕಾಗುತ್ತೆ, ಒಂದು ಸತೋಶಿನೂ ಒಳಗೆ ಬರಲ್ಲ. ಈ ಎರಡನೇ ಪದರದ ತಾಪತ್ರಯ ಬಿಟ್ಟು ವಹಿವಾಟು ಬರೆದಿಡೋ ಬ್ಲಾಕನ್ನೇ ದೊಡ್ಡದು ಮಾಡಬಹುದಿತ್ತಲ್ವಾ ಸರ್?

ಉತ್ತರ: ಚಾನೆಲ್ ಕೆಟ್ಟಿಲ್ಲ. ಲೈಟ್ನಿಂಗ್ ಅಂದ್ರೆ ಪ್ರತಿ ಪಾವತಿಯನ್ನೂ ಬಿಟ್‌ಕಾಯಿನ್‌ನ ಮುಖ್ಯ ಚೈನ್‌ನಲ್ಲಿ (ಬ್ಲಾಕ್‌ಗಳ ಮೂಲ ದಾಖಲೆ) ಬರೆಯದೆ, ಇಬ್ಬರ ನಡುವಿನ ಚಾನೆಲ್‌ನಲ್ಲಿಟ್ಟ ಹಣದ ಪಾಲನ್ನಷ್ಟೇ ಬದಲಿಸುವ ಎರಡನೇ ಪದರ. ಹಣ ಹಾಕಿದವರು ನೀವೊಬ್ಬರೇ, ಹಾಗಾಗಿ ಪೂರ್ತಿ ಬಾಕಿ (ಬ್ಯಾಲೆನ್ಸ್) ನಿಮ್ಮ ಕಡೆಗೇ ಇದೆ. ನಿಮಗೆ ಬರಬೇಕಾದ್ದು ಎದುರಿನವರ ಪಾಲಿನಿಂದ ಬರಬೇಕು, ಅಲ್ಲಿ ಸೊನ್ನೆ. ಜೊತೆಗೆ ಇಬ್ಬರೂ ಸಾಮಾನ್ಯವಾಗಿ ಶೇ 1ರಷ್ಟು ಮೀಸಲು ಬಿಡಬೇಕು, ಅಂದ್ರೆ 5,000. ನೀವು 1 ಲಕ್ಷ ಖರ್ಚು ಮಾಡಿದ ಮೇಲೆ ಒಳಗೆ ಬರೋಕೆ ಜಾಗ ಸಿಗೋದು 95,000ಕ್ಕೆ.

ಖರ್ಚು ಮಾಡೋದೇನೂ ಇಲ್ಲದಿದ್ದರೆ ಸ್ವಾಪ್ ಸೇವೆ ಬಳಸಿ: ಲೈಟ್ನಿಂಗ್‌ನಲ್ಲಿ ಕೊಟ್ಟು, ಅಷ್ಟನ್ನೇ (ಶುಲ್ಕ ಕಳೆದು) ಮುಖ್ಯ ಚೈನ್‌ನಲ್ಲಿ ವಾಪಸ್ ಪಡೆಯಿರಿ. ಚಾನೆಲ್ ಹಾಗೇ ಉಳಿಯುತ್ತೆ, ಬಾಕಿ ಆಚೆ ಸರಿಯುತ್ತೆ. ಇಲ್ಲವೇ ಶುಲ್ಕ ಕೊಟ್ಟು, ನಿಮ್ಮ ಕಡೆಗೆ ಚಾನೆಲ್ ತೆರೆಯುವವರನ್ನು ಹಿಡಿಯಿರಿ. ಬರೀ ಹಣ ಪಡೆಯೋರಿಗೆ ನನ್ನ ಸಲಹೆ ಎರಡನೆಯದು.

ಇನ್ನು ಬ್ಲಾಕ್ ಗಾತ್ರ. 2017ರ ಆಗಸ್ಟ್‌ನಲ್ಲಿ ದೊಡ್ಡ ಬ್ಲಾಕ್ ಬೇಕೆಂದವರು 8 ಎಂಬಿ ಮಿತಿಯ ಬಿಟ್‌ಕಾಯಿನ್ ಕ್ಯಾಶ್ ಎಂಬ ಬೇರೆ ನಾಣ್ಯ ಮಾಡಿಕೊಂಡು ಹೊರಟರು. ಅದೇ ತಿಂಗಳು ಬಿಟ್‌ಕಾಯಿನ್‌ನಲ್ಲಿ ಸೆಗ್‌ವಿಟ್ (ಸಹಿಯ ಡೇಟಾ ಬೇರ್ಪಡಿಸಿ ಬ್ಲಾಕ್‌ನಲ್ಲಿ ಜಾಗ ಮಾಡಿಕೊಡೋ ಬದಲಾವಣೆ) ಜಾರಿಗೆ ಬಂತು. ಬ್ಲಾಕ್ ಹಿಗ್ಗಿದಷ್ಟೂ ಪ್ರತಿ ನೋಡ್ (ಜಾಲದಲ್ಲಿ ವಹಿವಾಟು ಪರಿಶೀಲಿಸೋ ಕಂಪ್ಯೂಟರ್) ಇಳಿಸಿಕೊಂಡು ಪರಿಶೀಲಿಸಬೇಕಾದ ಡೇಟಾ ಹೆಚ್ಚುತ್ತೆ, ಸ್ವಂತ ನೋಡ್ ನಡೆಸೋರು ಕಮ್ಮಿಯಾಗ್ತಾರೆ. ಈ ಆತಂಕ ನಿಜವಾದದ್ದು.

ಹಾಗಂತ ದೊಡ್ಡ ಬ್ಲಾಕಿನವರ ವಾದವನ್ನು ತಳ್ಳಿಹಾಕೋದು ತಪ್ಪು. ಚಾನೆಲ್ ತೆರೆಯೋಕೆ, ಮುಚ್ಚೋಕೆ ಮುಖ್ಯ ಚೈನ್‌ನಲ್ಲೇ ಜಾಗ ಬೇಕು. ಪೂನ್ ಮತ್ತು ಡ್ರೈಜಾ ಬರೆದ ಲೈಟ್ನಿಂಗ್ ಪ್ರಬಂಧದಲ್ಲೇ ಲೆಕ್ಕವಿದೆ: 700 ಕೋಟಿ ಜನ ವರ್ಷಕ್ಕೆ ಎರಡೆರಡು ಚಾನೆಲ್ ತೆರೆದರೆ, ವಹಿವಾಟಿಗೆ 500 ಬೈಟ್‌ನಂತೆ 133 ಎಂಬಿ ಬ್ಲಾಕ್ ಬೇಕು. ಎರಡನೇ ಪದರ ಮೊದಲನೆಯದರ ಇಕ್ಕಟ್ಟನ್ನು ತೆಗೆಯಲ್ಲ, ಅಪರೂಪಕ್ಕೊಮ್ಮೆ ಎದುರಿಸುವಂತೆ ಮಾಡುತ್ತೆ ಅಷ್ಟೆ. ಹಾಗಾಗಿ ತೀರಾ ಚಿಕ್ಕ ಚಾನೆಲ್ ಬೇಡ. ತೆರೆಯುವ ವಹಿವಾಟು ಸುಮಾರು 150 ವರ್ಚುವಲ್ ಬೈಟ್ (ಶುಲ್ಕ ಲೆಕ್ಕ ಹಾಕೋ ಗಾತ್ರದ ಅಳತೆ); ದರ ಅಂಥ ಬೈಟ್‌ಗೆ 50 ಸತೋಶಿ ಇದ್ದ ದಿನ 7,500 ಹೋಯ್ತು. 20,000ದ ಚಾನೆಲ್‌ಗೆ ಅದು ಮೂರನೇ ಒಂದು ಪಾಲಿಗಿಂತ ಜಾಸ್ತಿ, ಮುಚ್ಚುವ ಖರ್ಚು ಬೇರೆ.

ಮರುಪ್ರಶ್ನೆ: ನೋಡ್‌ನ ಡಿಸ್ಕ್ ಕೆಟ್ಟರೆ? ಪ್ರತಿ ವಾರ ಡೇಟಾಬೇಸ್ ಕಾಪಿ ಮಾಡಿಡ್ತೇನೆ.

ಉತ್ತರ: ಆ ಕಾಪಿಯೇ ಅಪಾಯ! ಪ್ರತಿ ಪಾವತಿಗೂ ಚಾನೆಲ್‌ನ ಸ್ಥಿತಿ (ಯಾರ ಪಾಲು ಎಷ್ಟು ಅನ್ನೋದು) ಬದಲಾಗಿ, ಹಳೆಯದು ರದ್ದಾಗುತ್ತೆ. ಹಳೇ ಡೇಟಾಬೇಸ್ ಹಾಕಿ ಚಾನೆಲ್ಲನ್ನು ಬಲವಂತವಾಗಿ ಮುಚ್ಚಿದರೆ, ರದ್ದಾದ ಸ್ಥಿತಿ ಚೈನ್‌ಗೆ ಹೋಗುತ್ತೆ. ಎದುರಿನವರು ಅದನ್ನು ಮೋಸವೆಂದು ತೋರಿಸಿ ಚಾನೆಲ್‌ನ ಪೂರ್ತಿ ಹಣ ಎತ್ತಿಕೊಳ್ಳಬಹುದು. ನಿಮ್ಮ ಉದ್ದೇಶ ಏನಿತ್ತೆಂದು ಪ್ರೋಟೋಕಾಲ್ ನೋಡಲ್ಲ. ಎಲ್‌ಎನ್‌ಡಿ (ಲೈಟ್ನಿಂಗ್ ನೋಡ್ ನಡೆಸೋ ತಂತ್ರಾಂಶ) ಬಳಸ್ತಿದ್ದರೆ ಸೀಡ್ ಪದಗಳ (ವಾಲೆಟ್ ಮರಳಿ ಪಡೆಯೋ ಗುಪ್ತ ಪದಗಳು) ಜೊತೆ 'ಚಾನೆಲ್ ಡಾಟ್ ಬ್ಯಾಕಪ್' ಫೈಲನ್ನು ಬೇರೆ ಜಾಗದಲ್ಲಿಡಿ, ಹೊಸ ಚಾನೆಲ್ ತೆರೆದಾಗಲೆಲ್ಲ ಹೊಸ ಫೈಲ್ ತಗೊಳ್ಳಿ. ಅದರಲ್ಲಿ ಬಾಕಿ ವಿವರ ಇರಲ್ಲ. ಎದುರಿನ ನೋಡ್‌ಗೆ ಚಾನೆಲ್ ಮುಚ್ಚಿ ಎಂದು ಕೇಳೋಕಷ್ಟೇ. ಆ ನೋಡ್ ಆನ್‌ಲೈನ್ ಇದ್ದರೆ ಮಾತ್ರ ಕೆಲಸ ಆಗುತ್ತೆ, ಹಾಗಾಗಿ ಚಾನೆಲ್ ತೆರೆಯುವ ಮುನ್ನವೇ ಸದಾ ಚಾಲೂ ಇರೋ ನೋಡ್ ಆರಿಸಿಕೊಳ್ಳಿ.